ಪರದೆಯ ಮೇಲಿನ ಅಂಕ ಈಗ ಎಲ್ಲಿದೆ? ಡೇಟಾ ಬೈಂಡಿಂಗ್ ಬೋಧನೆಗೊಂದು ಕ್ರಮ

ಪೀಠಿಕೆ

ಡೆಸ್ಕ್‌ಟಾಪ್ ಪ್ರೋಗ್ರಾಮಿಂಗ್‌ನಲ್ಲಿ ವಿದ್ಯಾರ್ಥಿಗಳು ಬೇಗ ಮಾಡಿ ಮುಗಿಸುವ, ಆದರೆ ತಡವಾಗಿ ಅರ್ಥ ಮಾಡಿಕೊಳ್ಳುವ ಘಟಕವೆಂದರೆ ಡೇಟಾ ಬೈಂಡಿಂಗ್. ವಿಷುವಲ್ ಸ್ಟುಡಿಯೋದ ಡೇಟಾ ಸೋರ್ಸಸ್ ಕಿಟಕಿಯಿಂದ ಒಂದು ಕೋಷ್ಟಕವನ್ನು ಎಳೆದು ವಿಂಡೋಸ್ ಫಾರ್ಮ್ ಮೇಲೆ ಬಿಟ್ಟರೆ ಸಾಕು. ಲೇಬಲ್‌ಗಳು, ಟೆಕ್ಸ್ಟ್ ಬಾಕ್ಸ್‌ಗಳು, ಹಿಂದೆ ಮುಂದೆ ಹೋಗುವ ಬಾಣಗಳು, ಉಳಿಸುವ ಬಟನ್ ಎಲ್ಲವೂ ತಾವಾಗಿಯೇ ಬಂದು ಕೂರುತ್ತವೆ. ಎಫ್5 ಒತ್ತಿದರೆ ಪ್ರೋಗ್ರಾಂ ಓಡುತ್ತದೆ. ಪಾಠ ಮುಗಿಯಿತು ಎಂದು ನಮಗೂ ಅನ್ನಿಸುತ್ತದೆ, ಮಕ್ಕಳಿಗೂ ಅನ್ನಿಸುತ್ತದೆ.

ಆ ಹೊತ್ತಿನಲ್ಲಿ ಒಂದು ಪ್ರಶ್ನೆ ಕೇಳಿ ನೋಡಬೇಕು. ಅಂಕದ ಪೆಟ್ಟಿಗೆಯಲ್ಲಿ 17 ಇತ್ತು. ಅದನ್ನು ಅಳಿಸಿ 18 ಎಂದು ಟೈಪ್ ಮಾಡಿ ಕೈ ತೆಗೆದಿದ್ದೇವೆ. ಈಗ ಈ 18 ಎಲ್ಲಿದೆ? ನನ್ನ ಬೋಧನಾಭ್ಯಾಸದ ತರಗತಿಯಲ್ಲಿ ಮೊದಲು ಬಂದ ಉತ್ತರ 'ಡೇಟಾಬೇಸ್‌ನಲ್ಲಿ' ಎಂಬುದು. ಸರಿಯಾದ ಉತ್ತರ 'ಪರದೆಯ ಮೇಲೆ ಮಾತ್ರ'. ಈ ಎರಡು ಉತ್ತರಗಳ ನಡುವಿನ ಅಂತರವೇ ಡೇಟಾ ಬೈಂಡಿಂಗ್ ಎಂಬ ಪಾಠ. ಬೈಂಡಿಂಗ್ ಎಂದರೆ ಪೆಟ್ಟಿಗೆಗೂ ಡೇಟಾಬೇಸ್‌ಗೂ ಹಾಕಿದ ಗಂಟು ಎಂದಷ್ಟೇ ಹೇಳಿಕೊಟ್ಟರೆ ತಪ್ಪು ಉತ್ತರವೇ ಗಟ್ಟಿಯಾಗುತ್ತದೆ. ನಿಜದಲ್ಲಿ ಒಂದು ಮೌಲ್ಯ ನಾಲ್ಕು ನಿಲ್ದಾಣಗಳನ್ನು ದಾಟಿ ಹೋಗುತ್ತದೆ. ಪ್ರತಿ ದಾಟುವಿಕೆಗೂ ಒಂದು ನಿರ್ದಿಷ್ಟ ಕ್ಷಣವಿದೆ. ಆ ನಿಲ್ದಾಣಗಳನ್ನು ಬೆರಳಿಟ್ಟು ತೋರಿಸಬಲ್ಲ ವಿದ್ಯಾರ್ಥಿ ಮಾತ್ರ ತನ್ನ ಪ್ರೋಗ್ರಾಂನ ದೋಷವನ್ನು ತಾನೇ ಹುಡುಕಬಲ್ಲ ಎಂಬುದು ಈ ಲೇಖನದ ಮುಖ್ಯ ಮಾತು.

ಉದಾಹರಣೆಗೆ ತರಗತಿಯ ಅಂಕಪಟ್ಟಿಯನ್ನೇ ಆರಿಸಿಕೊಂಡಿದ್ದೇನೆ. ಕೋಷ್ಟಕದಲ್ಲಿ ನಾಲ್ಕು ಕಾಲಂಗಳಿವೆ: ಕ್ರಮಸಂಖ್ಯೆ, ಹೆಸರು, ವಿಭಾಗ, ಅಂಕ. ಗ್ರಾಹಕರ ಪಟ್ಟಿ, ಸರಕಿನ ಪಟ್ಟಿಗಳಿಗಿಂತ ಇದು ಮಕ್ಕಳಿಗೆ ಹತ್ತಿರ. ತಮ್ಮ ಅಂಕ ಕಳೆದುಹೋಗಬಹುದು ಎಂದರೆ ಅವರು ಕಿವಿಗೊಟ್ಟು ಕೇಳುತ್ತಾರೆ.

ಬೈಂಡಿಂಗ್ ಇಲ್ಲದೆ ಆರಂಭಿಸುವುದು

ಎಳೆದು ಬಿಡುವ ವಿಧಾನದಿಂದ ಪಾಠ ಆರಂಭಿಸಬಾರದು ಎಂಬುದು ನನ್ನ ಅನಿಸಿಕೆ. ಮೊದಲ ಅವಧಿಯಲ್ಲಿ ಎಲ್ಲವನ್ನೂ ಕೈಯಿಂದಲೇ ಬರೆಸಬೇಕು. ಒಬ್ಬ ವಿದ್ಯಾರ್ಥಿಯ ವಿವರ ತೋರಿಸಲು ನಾಲ್ಕು ಸಾಲು, ಒಂದೊಂದು ಕಾಲಂನಿಂದ ಒಂದೊಂದು ಪೆಟ್ಟಿಗೆಗೆ. ತಿದ್ದಿದ್ದನ್ನು ಹಿಂದಕ್ಕೆ ಬರೆಯಲು ಮತ್ತೆ ನಾಲ್ಕು ಸಾಲು. 'ಮುಂದಿನದು', 'ಹಿಂದಿನದು', 'ಮೊದಲನೆಯದು', 'ಕೊನೆಯದು' ಎಂಬ ನಾಲ್ಕು ಬಟನ್‌ಗಳೂ ಈ ಸಾಲುಗಳನ್ನು ಕರೆಯಬೇಕು. ಈಗ 'ಭಾಷೆ' ಎಂಬ ಐದನೆಯ ಕಾಲಂ ಸೇರಿಸಿ ಎಂದರೆ ಎರಡೂ ಕಡೆ ತಿದ್ದಬೇಕಾಗುತ್ತದೆ.

ಇಲ್ಲಿ ಅಪಾಯವನ್ನು ತೋರಿಸುವುದು ಸುಲಭ. ತೋರಿಸುವ ನಾಲ್ಕು ಸಾಲುಗಳಲ್ಲಿ ಅಂಕದ ಸಾಲನ್ನು ಅಳಿಸಿ 'ಮುಂದಿನದು' ಒತ್ತಿಸಬೇಕು. ಹೆಸರು ಬದಲಾಗುತ್ತದೆ, ಅಂಕ ಬದಲಾಗುವುದಿಲ್ಲ. ಎರಡನೆಯ ಹುಡುಗಿಯ ಹೆಸರಿನ ಪಕ್ಕದಲ್ಲಿ ಮೊದಲನೆಯ ಹುಡುಗನ ಅಂಕ ಕೂತಿರುತ್ತದೆ. ಆಗ 'ಉಳಿಸು' ಒತ್ತಿದರೆ ಆ ಅಂಕ ಅವಳದ್ದೇ ಆಗಿಬಿಡುತ್ತದೆ. ಪ್ರೋಗ್ರಾಂ ಯಾವ ದೂರನ್ನೂ ಹೇಳುವುದಿಲ್ಲ. ಬೈಂಡಿಂಗ್ ಯಾಕೆ ಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಡ: ಒಂದು ಸಾಲಿಗೆ ಸೇರಿದ ಮೌಲ್ಯಗಳು ಒಟ್ಟಿಗೇ ಬರಬೇಕು, ಒಟ್ಟಿಗೇ ಹೋಗಬೇಕು.

ಈ ಅಗತ್ಯ ಹಳೆಯದು. 1993ರ ವಿಷುವಲ್ ಬೇಸಿಕ್ 3ರಲ್ಲೇ ಡೇಟಾ ಕಂಟ್ರೋಲ್ ಎಂಬ ಸಾಧನವಿತ್ತು. 2002ರಲ್ಲಿ ಡಾಟ್ ನೆಟ್ ಬಂದಾಗ ಬೈಂಡಿಂಗ್ ಹೊಸ ರೂಪ ಪಡೆಯಿತು. 2005ರ ಡಾಟ್ ನೆಟ್ 2ರಲ್ಲಿ ಬೈಂಡಿಂಗ್‌ಸೋರ್ಸ್ ಎಂಬ ಘಟಕ ಸೇರಿತು. ಇಂದಿಗೂ ಲ್ಯಾಬ್‌ಗಳಲ್ಲಿ ನಾವು ಬಳಸುವುದು ಅದನ್ನೇ.

ಕಟ್ಟುವುದು ಯಾವುದನ್ನು ಯಾವುದಕ್ಕೆ?

ಟೆಕ್ಸ್ಟ್ ಬಾಕ್ಸನ್ನು ಕೋಷ್ಟಕಕ್ಕೆ ಕಟ್ಟುತ್ತೇವೆ ಎಂಬುದು ಸಡಿಲವಾದ ಮಾತು. ನಾವು ಕಟ್ಟುವುದು ಕಂಟ್ರೋಲ್‌ನ ಒಂದು ಗುಣವನ್ನು ದತ್ತಾಂಶದ ಒಂದು ಕಾಲಂಗೆ. ಅಂಕದ ಪೆಟ್ಟಿಗೆಯ ಡೇಟಾಬೈಂಡಿಂಗ್ಸ್ ಸಂಗ್ರಹಕ್ಕೆ ಒಂದು ಬೈಂಡಿಂಗ್ ಸೇರಿಸುವಾಗ ಮೂರು ವಿಷಯ ಹೇಳುತ್ತೇವೆ: ನನ್ನ ಟೆಕ್ಸ್ಟ್ ಎಂಬ ಗುಣ, ಆ ಬೈಂಡಿಂಗ್‌ಸೋರ್ಸ್, ಅದರ ಅಂಕ ಎಂಬ ಕಾಲಂ. ಟೆಕ್ಸ್ಟ್ ಗುಣದ ಬದಲು ಚೆಕ್ ಬಾಕ್ಸ್‌ನ ಚೆಕ್ಡ್ ಗುಣವನ್ನು ಕಟ್ಟಬಹುದು. ಪೆಟ್ಟಿಗೆ ತೆರೆದಿರಬೇಕೇ ಮುಚ್ಚಿರಬೇಕೇ ಎಂದು ಹೇಳುವ ಎನೇಬಲ್ಡ್ ಗುಣವನ್ನೂ ಕಟ್ಟಬಹುದು. ಇದು ಸರಳ ಬೈಂಡಿಂಗ್: ಒಂದು ಗುಣ, ಒಂದು ಮೌಲ್ಯ. ಡೇಟಾಗ್ರಿಡ್‌ವ್ಯೂ, ಕಾಂಬೊ ಬಾಕ್ಸ್‌ಗಳಲ್ಲಿ ಇಡೀ ಪಟ್ಟಿಯನ್ನೇ ಕಟ್ಟುವುದು ಸಂಕೀರ್ಣ ಬೈಂಡಿಂಗ್. ಈ ಎರಡು ಹೆಸರುಗಳಿಗೆ ಹೆಚ್ಚು ಸಮಯ ಬೇಕಿಲ್ಲ.

ನಾಲ್ಕು ನಿಲ್ದಾಣಗಳು

ಪಾಠದ ಹೃದಯ ಇಲ್ಲಿದೆ. ಕಪ್ಪುಹಲಗೆಯ ಮೇಲೆ ಎಡದಿಂದ ಬಲಕ್ಕೆ ನಾಲ್ಕು ಚೌಕ ಬರೆಯಬೇಕು.

ಒಂದನೆಯದು ಪರದೆ. ಪೆಟ್ಟಿಗೆಯಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳು. ಇಲ್ಲಿ 18 ಎಂಬುದು ಸಂಖ್ಯೆಯಲ್ಲ; 1 ಮತ್ತು 8 ಎಂಬ ಎರಡು ಅಕ್ಷರ.

ಎರಡನೆಯದು ಸಾಲಿನ ಪ್ರಸ್ತಾವಿತ ಮೌಲ್ಯ. ಮೆಮೊರಿಯಲ್ಲಿರುವ ಡೇಟಾಟೇಬಲ್‌ನ ಆ ಸಾಲು ತಿದ್ದುಪಡಿಯ ಸ್ಥಿತಿಯಲ್ಲಿದೆ. ಹೊಸ ಮೌಲ್ಯ ಬಂದು ಹೊಸ್ತಿಲಲ್ಲಿ ನಿಂತಿದೆ, ಇನ್ನೂ ಒಳಗೆ ಬಂದಿಲ್ಲ. ಈ ಹಂತದಲ್ಲಿ ಕ್ಯಾನ್ಸಲ್‌ಎಡಿಟ್ ಎಂದರೆ ಅದು ಬಿದ್ದುಹೋಗಿ ಹಳೆಯ 17 ಮರಳುತ್ತದೆ.

ಮೂರನೆಯದು ಸಾಲಿನ ಪ್ರಸ್ತುತ ಮೌಲ್ಯ. ಈಗ ಮೆಮೊರಿಯ ಕೋಷ್ಟಕ 18 ಅನ್ನು ಒಪ್ಪಿಕೊಂಡಿದೆ. ಆ ಸಾಲಿಗೆ 'ಮಾರ್ಪಟ್ಟಿದೆ' ಎಂಬ ಗುರುತು ಬಿದ್ದಿದೆ. ಹಳೆಯ 17 ಮೂಲ ಮೌಲ್ಯವಾಗಿ ಪಕ್ಕದಲ್ಲೇ ಉಳಿದಿರುತ್ತದೆ.

ನಾಲ್ಕನೆಯದು ಡೇಟಾಬೇಸ್. ಡಿಸ್ಕ್‌ನ ಮೇಲಿರುವ ಕಡತ. ಕರೆಂಟ್ ಹೋದರೂ ಉಳಿಯುವುದು ಇಲ್ಲಿ ಬಂದದ್ದು ಮಾತ್ರ.

ಇನ್ನು ಮೂರು ದಾಟುವಿಕೆಗಳು. ಒಂದರಿಂದ ಎರಡಕ್ಕೆ ಹೋಗುವುದು ಸಾಮಾನ್ಯವಾಗಿ ಪೆಟ್ಟಿಗೆಯಿಂದ ಫೋಕಸ್ ಹೊರಬಿದ್ದು ವ್ಯಾಲಿಡೇಷನ್ ನಡೆದಾಗ. ಬೈಂಡಿಂಗ್‌ನ ಡೇಟಾಸೋರ್ಸ್‌ಅಪ್‌ಡೇಟ್‌ಮೋಡ್ ಎಂಬ ಆಯ್ಕೆಯ ಪೂರ್ವನಿಗದಿತ ಬೆಲೆ ಆನ್‌ವ್ಯಾಲಿಡೇಷನ್ ಆಗಿರುವುದೇ ಇದಕ್ಕೆ ಕಾರಣ. ಅದನ್ನು ಆನ್‌ಪ್ರಾಪರ್ಟಿಚೇಂಜ್ಡ್ ಎಂದು ಬದಲಿಸಿದರೆ ಪ್ರತಿ ಕೀಲಿ ಒತ್ತಿದಾಗಲೂ ಮೌಲ್ಯ ದಾಟುತ್ತದೆ; 18 ಬರೆಯುವ ದಾರಿಯಲ್ಲಿ ಒಂದು ಕ್ಷಣ ಆ ಮಗುವಿನ ಅಂಕ 1 ಆಗಿರುತ್ತದೆ. ನೆವರ್ ಎಂದರೆ ದಾಟುವುದೇ ಇಲ್ಲ. ಎರಡರಿಂದ ಮೂರಕ್ಕೆ ಒಯ್ಯುವುದು ಬೈಂಡಿಂಗ್‌ಸೋರ್ಸ್‌ನ ಎಂಡ್‌ಎಡಿಟ್. ಬೇರೆ ಸಾಲಿಗೆ ಸರಿದಾಗಲೂ ಇದು ತಾನಾಗಿ ನಡೆಯುತ್ತದೆ. ಮೂರರಿಂದ ನಾಲ್ಕಕ್ಕೆ ಒಯ್ಯುವುದು ಅಡಾಪ್ಟರ್‌ನ ಅಪ್‌ಡೇಟ್. ಇದು ಎಂದೂ ತಾನಾಗಿ ನಡೆಯುವುದಿಲ್ಲ.

ಈಗ ವಿಷುವಲ್ ಸ್ಟುಡಿಯೋ ತಾನೇ ಬರೆದುಕೊಟ್ಟ 'ಉಳಿಸು' ಬಟನ್‌ನ ಕೋಡ್ ತೆರೆದು ತೋರಿಸಬೇಕು. ಅಲ್ಲಿರುವುದು ಮೂರೇ ಸಾಲು: ವ್ಯಾಲಿಡೇಟ್, ಎಂಡ್‌ಎಡಿಟ್, ಅಪ್‌ಡೇಟ್‌ಆಲ್. ಕಪ್ಪುಹಲಗೆಯ ಮೂರು ಬಾಣಗಳ ಪಕ್ಕದಲ್ಲಿ ಈ ಮೂರು ಸಾಲುಗಳನ್ನು ಬರೆದರೆ, ಮಕ್ಕಳು ಮಂತ್ರದಂತೆ ನಕಲು ಮಾಡುತ್ತಿದ್ದ ಕೋಡ್‌ಗೆ ಅರ್ಥ ಬರುತ್ತದೆ.

ಒಂದೊಂದೇ ಸಾಲು ಅಳಿಸುವ ಪ್ರಯೋಗ

ಲ್ಯಾಬ್ ಅವಧಿಯಲ್ಲಿ ಈ ಮೂರು ಸಾಲುಗಳಲ್ಲಿ ಒಂದನ್ನು ಟಿಪ್ಪಣಿಯಾಗಿಸಿ, ಏನಾಗಬಹುದು ಎಂದು ಮೊದಲು ನೋಟ್‌ಬುಕ್‌ನಲ್ಲಿ ಬರೆಸಿ, ಆಮೇಲೆ ಓಡಿಸಬೇಕು. ಊಹೆ ಮೊದಲು, ಪ್ರಯೋಗ ನಂತರ.

ಅಪ್‌ಡೇಟ್‌ಆಲ್ ಅಳಿಸಿದರೆ ಫಾರ್ಮ್ ತೆರೆದಿರುವಷ್ಟು ಹೊತ್ತು ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಹಿಂದೆ ಮುಂದೆ ಹೋದರೂ 18 ಅಲ್ಲೇ ಇರುತ್ತದೆ. ಮುಚ್ಚಿ ತೆರೆದರೆ 17. ಇದನ್ನು ಮಕ್ಕಳು ಸುಲಭವಾಗಿ ಊಹಿಸುತ್ತಾರೆ.

ಎಂಡ್‌ಎಡಿಟ್ ಅಳಿಸಿದರೆ ಫಲಿತಾಂಶ ವಿಚಿತ್ರ. ಹತ್ತು ಮಕ್ಕಳ ಅಂಕ ತಿದ್ದಿ ಕೊನೆಯಲ್ಲಿ 'ಉಳಿಸು' ಒತ್ತಿದರೆ ಒಂಬತ್ತು ಜನರದ್ದು ಉಳಿಯುತ್ತದೆ, ಹತ್ತನೆಯವರದ್ದು ಉಳಿಯುವುದಿಲ್ಲ. ಮೊದಲ ಒಂಬತ್ತು ಸಾಲುಗಳು ಮುಂದಕ್ಕೆ ಸರಿದಾಗಲೇ ಮೂರನೆಯ ನಿಲ್ದಾಣ ತಲುಪಿದ್ದವು. ಹತ್ತನೆಯದು ಇನ್ನೂ ಹೊಸ್ತಿಲಲ್ಲೇ ಇತ್ತು. 'ಕೆಲವೊಮ್ಮೆ ಸೇವ್ ಆಗುತ್ತೆ, ಕೆಲವೊಮ್ಮೆ ಆಗಲ್ಲ' ಎಂಬ ದೂರಿನ ಹಿಂದೆ ಇಂಥ ಕಾರಣವಿರುತ್ತದೆ. ಕಂಪ್ಯೂಟರ್ 'ಕೆಲವೊಮ್ಮೆ' ಮಾಡುವುದಿಲ್ಲ. ನಾವು ಗಮನಿಸದ ನಿಯಮವೊಂದು ಅಲ್ಲಿರುತ್ತದೆ ಎಂದು ಹೇಳಲು ಇದು ತಕ್ಕ ಸಂದರ್ಭ.

ವ್ಯಾಲಿಡೇಟ್ ಸಾಲಿನ ಬೆಲೆ ಗ್ರಿಡ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಡೇಟಾಗ್ರಿಡ್‌ವ್ಯೂನ ಕೋಶವೊಂದರಲ್ಲಿ ಅಂಕ ಟೈಪ್ ಮಾಡಿ, ಕೋಶದಿಂದ ಹೊರಬರದೆ, ಟೂಲ್‌ಬಾರ್‌ನ ಉಳಿಸುವ ಚಿಹ್ನೆಯನ್ನು ಒತ್ತಿಸಬೇಕು. ಟೂಲ್‌ಬಾರ್‌ನ ಬಟನ್‌ಗಳು ಫೋಕಸ್ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಕೋಶ ತನ್ನ ಕೆಲಸ ಮುಗಿಯಿತು ಎಂದು ತಿಳಿಯುವುದೇ ಇಲ್ಲ. ಟೈಪ್ ಮಾಡಿದ್ದು ಒಂದನೆಯ ನಿಲ್ದಾಣದಲ್ಲೇ ಉಳಿಯುತ್ತದೆ. ಅದೇ ಕೋಡನ್ನು ಫಾರ್ಮ್‌ನ ಸಾಧಾರಣ ಬಟನ್‌ಗೆ ಕೊಟ್ಟರೆ ಫೋಕಸ್ ಸರಿಯುವುದರಿಂದ ಅಂಕ ಉಳಿಯುತ್ತದೆ. ಕೋಡ್ ಒಂದೇ, ಬಟನ್ ಬೇರೆ, ಫಲ ಬೇರೆ.

ಲ್ಯಾಬ್‌ನಲ್ಲಿ ಪಾಠ ಮಾಡುವವರಿಗೆ ಇನ್ನೊಂದು ಎಚ್ಚರಿಕೆ. ಮೂರೂ ಸಾಲು ಸರಿಯಿದ್ದರೂ ಮತ್ತೆ ಓಡಿಸಿದಾಗ ಹಳೆಯ ಅಂಕವೇ ಬರುವುದುಂಟು. ಡೇಟಾಬೇಸ್ ಕಡತವನ್ನು ಪ್ರಾಜೆಕ್ಟ್ ಒಳಗೇ ಸೇರಿಸಿಕೊಂಡಿದ್ದು, ಅದರ ಗುಣಗಳಲ್ಲಿ 'ಯಾವಾಗಲೂ ನಕಲಿಸು' ಎಂಬ ಆಯ್ಕೆ ಇದ್ದರೆ, ಪ್ರತಿ ಸಲ ಬಿಲ್ಡ್ ಮಾಡಿದಾಗಲೂ ಮೂಲ ಕಡತ ಬಂದು ನಿನ್ನೆ ಬರೆದ ಕಡತದ ಮೇಲೆ ಕೂರುತ್ತದೆ. 'ಹೊಸದಾಗಿದ್ದರೆ ಮಾತ್ರ ನಕಲಿಸು' ಎಂದು ಬದಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಮಕ್ಕಳ ಕೋಡ್‌ನಲ್ಲಿ ತಪ್ಪು ಹುಡುಕುವ ಮೊದಲು ಇದನ್ನು ನೋಡಬೇಕು.

ಹಾಜರಿ ಪುಸ್ತಕದ ಮೇಲಿನ ಸ್ಕೇಲು

ಫಾರ್ಮ್ ಈಗ ಯಾವ ಸಾಲನ್ನು ತೋರಿಸುತ್ತಿದೆ ಎಂಬುದನ್ನು ನೆನಪಿಡುವವರು ಯಾರು? ಟೆಕ್ಸ್ಟ್ ಬಾಕ್ಸ್ ಅಲ್ಲ, ಡೇಟಾಟೇಬಲ್ ಕೂಡ ಅಲ್ಲ. ಅದಕ್ಕೆಂದೇ ಕರೆನ್ಸಿಮ್ಯಾನೇಜರ್ ಎಂಬ ಮಧ್ಯವರ್ತಿ ಇದೆ. ಬೈಂಡಿಂಗ್‌ಸೋರ್ಸ್ ತನ್ನೊಳಗೆ ಒಂದನ್ನು ಇಟ್ಟುಕೊಂಡಿರುತ್ತದೆ. ಹೆಸರು ಕೇಳಿದೊಡನೆ ಮಕ್ಕಳು ಹಣಕಾಸಿನ ಸಂಗತಿ ಎಂದುಕೊಳ್ಳುತ್ತಾರೆ. ಇಲ್ಲಿ ಕರೆನ್ಸಿ ಎಂದರೆ 'ಪ್ರಸ್ತುತವಾಗಿರುವುದು', ಸದ್ಯದ ಸಾಲು ಎಂಬ ಅರ್ಥ.

ಇದಕ್ಕೆ ನಾನು ಬಳಸಿದ ಹೋಲಿಕೆ ಹಾಜರಿ ಪುಸ್ತಕದ್ದು. ಶಿಕ್ಷಕರು ಹಾಜರಿ ಹಾಕುವಾಗ ಸಾಲು ತಪ್ಪದಿರಲೆಂದು ಅಡ್ಡಲಾಗಿ ಒಂದು ಸ್ಕೇಲು ಇಟ್ಟುಕೊಳ್ಳುತ್ತಾರೆ. ಪುಸ್ತಕ ದತ್ತಾಂಶ, ಸ್ಕೇಲು ಸದ್ಯದ ಸ್ಥಾನ. ಸ್ಕೇಲು ಸರಿಸಿದರೆ ಪುಸ್ತಕದಲ್ಲಿ ಏನೂ ಬದಲಾಗುವುದಿಲ್ಲ. ಕಣ್ಣಿಗೆ ಬೀಳುವ ಸಾಲು ಬದಲಾಗುತ್ತದೆ. ಬಾಣದ ಬಟನ್ ಒತ್ತಿದಾಗ ಆಗುವುದು ಇಷ್ಟೇ. ಸ್ಥಾನದ ಎಣಿಕೆ ಮಾತ್ರ 0ಯಿಂದ ಆರಂಭವಾಗುತ್ತದೆ.

ಈ ಹೋಲಿಕೆ ಒಂದು ಪ್ರಸಿದ್ಧ ಗೊಂದಲವನ್ನೂ ಬಿಡಿಸುತ್ತದೆ. ಒಂದೇ ಫಾರ್ಮ್‌ನಲ್ಲಿ 'ತರಗತಿ ಶಿಕ್ಷಕರು' ಮತ್ತು 'ವಿಷಯ ಶಿಕ್ಷಕರು' ಎಂಬ ಎರಡು ಕಾಂಬೊ ಬಾಕ್ಸ್‌ಗಳಿವೆ. ಎರಡಕ್ಕೂ ಶಿಕ್ಷಕರ ಒಂದೇ ಕೋಷ್ಟಕವನ್ನು ನೇರವಾಗಿ ಕಟ್ಟಿದ್ದೇವೆ. ಒಂದರಲ್ಲಿ ಹೆಸರು ಬದಲಿಸಿದರೆ ಇನ್ನೊಂದರಲ್ಲೂ ಅದೇ ಹೆಸರು ಬರುತ್ತದೆ. ಪುಸ್ತಕ ಒಂದು, ಸ್ಕೇಲೂ ಒಂದು. ಇಬ್ಬರೂ ಅದೇ ಸ್ಕೇಲನ್ನು ಸರಿಸುತ್ತಿದ್ದಾರೆ. ಪರಿಹಾರ, ಎರಡು ಬೈಂಡಿಂಗ್‌ಸೋರ್ಸ್‌ಗಳನ್ನು ಇಡುವುದು. ಪುಸ್ತಕ ಒಂದೇ, ಸ್ಕೇಲು ಎರಡು.

ಸೊನ್ನೆಯೂ ಗೈರುಹಾಜರಿಯೂ ಒಂದಲ್ಲ

ಪರೀಕ್ಷೆಗೆ ಬಾರದ ಮಗುವಿನ ಮುಂದೆ ಏನು ಬರೆಯಬೇಕು? ಅಂಕದ ಪೆಟ್ಟಿಗೆಯಲ್ಲಿ 'ಗೈ' ಎಂದು ಟೈಪ್ ಮಾಡಿದರೆ, ಕಾಲಂ ಸಂಖ್ಯೆಯದ್ದಾದ್ದರಿಂದ ಪರಿವರ್ತನೆ ವಿಫಲವಾಗುತ್ತದೆ. ಎಳೆದು ಬಿಟ್ಟು ಮಾಡಿದ ಬೈಂಡಿಂಗ್‌ನಲ್ಲಿ ಫಾರ್ಮ್ಯಾಟಿಂಗ್ ಚಾಲೂ ಇರುತ್ತದೆ. ಆಗ ಕರ್ಸರ್ ಪೆಟ್ಟಿಗೆಯಿಂದ ಹೊರಗೆ ಬರುವುದೇ ಇಲ್ಲ, ಸಂದೇಶವೂ ಬರುವುದಿಲ್ಲ. ದಿಕ್ಕು ತೋಚದ ಬಳಕೆದಾರರು 0 ಎಂದು ಹೊಡೆದು ಮುಂದೆ ಹೋಗುತ್ತಾರೆ. ಜ್ವರ ಬಂದು ಮನೆಯಲ್ಲಿದ್ದ ಮಗು ಅಲ್ಲಿಗೆ ಪರೀಕ್ಷೆ ಬರೆದು ಸೊನ್ನೆ ಪಡೆದಂತಾಯಿತು.

ಇದು ಬರೀ ಮಾತಿನ ವ್ಯತ್ಯಾಸವಲ್ಲ. ಮೂವರಲ್ಲಿ ಇಬ್ಬರು 18 ಮತ್ತು 12 ಪಡೆದು ಒಬ್ಬರು ಗೈರಾಗಿದ್ದರೆ, ಆ ಜಾಗ ನಲ್ ಆಗಿದ್ದಾಗ ಎಸ್‌ಕ್ಯೂಎಲ್‌ನ ಸರಾಸರಿ ಫಂಕ್ಷನ್ ಅದನ್ನು ಲೆಕ್ಕಕ್ಕೆ ಹಿಡಿಯದೆ 15 ಎನ್ನುತ್ತದೆ. ಅಲ್ಲಿ 0 ಇದ್ದರೆ 10 ಎನ್ನುತ್ತದೆ. ತರಗತಿಯ ಮಟ್ಟದ ಬಗ್ಗೆ ನಾವು ತೆಗೆದುಕೊಳ್ಳುವ ತೀರ್ಮಾನವೇ ಬದಲಾಗುತ್ತದೆ.

ಬೈಂಡಿಂಗ್‌ನಲ್ಲಿ ಇದಕ್ಕೆ ದಾರಿ ಇದೆ. ಮೊದಲು ಅಂಕದ ಕಾಲಂ ನಲ್ ಒಪ್ಪುವಂತಿರಬೇಕು. ಆಮೇಲೆ ಬೈಂಡಿಂಗ್‌ನ ನಲ್‌ವ್ಯಾಲ್ಯೂ ಎಂಬ ಗುಣಕ್ಕೆ 'ಗೈ' ಎಂದು ಕೊಡಬೇಕು. ದತ್ತಾಂಶದಲ್ಲಿ ನಲ್ ಇದ್ದಾಗ ಪರದೆಯ ಮೇಲೆ 'ಗೈ' ಕಾಣುತ್ತದೆ. ಪರದೆಯಲ್ಲಿ 'ಗೈ' ಎಂದು ಬರೆದರೆ ದತ್ತಾಂಶದಲ್ಲಿ ನಲ್ ಕೂರುತ್ತದೆ. ಒಂದನೆಯ ನಿಲ್ದಾಣದಲ್ಲಿರುವುದು ಅಕ್ಷರ, ಎರಡನೆಯದರಲ್ಲಿರುವುದು ಮೌಲ್ಯ, ನಡುವೆ ಒಬ್ಬ ದುಭಾಷಿ ಇದ್ದಾನೆ ಎಂಬುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ಹಿಂದಿನ ದಿಕ್ಕು

ಇದುವರೆಗೆ ಪರದೆಯಿಂದ ದತ್ತಾಂಶಕ್ಕೆ ಹೋದೆವು. ದತ್ತಾಂಶ ಬದಲಾದಾಗ ಪರದೆಗೆ ಹೇಗೆ ತಿಳಿಯುತ್ತದೆ? ಯಾರಾದರೂ ಕೂಗಿ ಹೇಳಬೇಕು. ಡೇಟಾಟೇಬಲ್ ತಾನೇ ಕೂಗುತ್ತದೆ. ನಾವೇ ಬರೆದ ವಿದ್ಯಾರ್ಥಿ ಎಂಬ ಕ್ಲಾಸ್‌ ಕೂಗಬೇಕಾದರೆ ಅದು ಐನೋಟಿಫೈಪ್ರಾಪರ್ಟಿಚೇಂಜ್ಡ್ ಎಂಬ ಇಂಟರ್‌ಫೇಸನ್ನು ಪಾಲಿಸಬೇಕು. ಸಾಧಾರಣ ಲಿಸ್ಟ್‌ಗೆ ಹೊಸ ವಿದ್ಯಾರ್ಥಿಯನ್ನು ಸೇರಿಸಿದರೆ ಗ್ರಿಡ್‌ಗೆ ಗೊತ್ತಾಗುವುದಿಲ್ಲ. ಬೈಂಡಿಂಗ್‌ಲಿಸ್ಟ್‌ಗೆ ಸೇರಿಸಿದರೆ ಗೊತ್ತಾಗುತ್ತದೆ. ಮೊದಲ ಪಾಠಕ್ಕೆ ಇಷ್ಟು ಸಾಕು.

ತರಗತಿಯ ಚಟುವಟಿಕೆ

ಕಂಪ್ಯೂಟರ್ ಮುಟ್ಟುವ ಮೊದಲು ಹತ್ತು ನಿಮಿಷದ ಚಟುವಟಿಕೆ ಮಾಡಿಸಬಹುದು. ನಾಲ್ವರು ಮಕ್ಕಳು ನಾಲ್ಕು ನಿಲ್ದಾಣಗಳಾಗಿ ಸ್ಲೇಟು ಹಿಡಿದು ನಿಲ್ಲುತ್ತಾರೆ. ಎಲ್ಲರ ಸ್ಲೇಟಿನಲ್ಲೂ 17 ಇದೆ. ಮೊದಲನೆಯವರು ಅದನ್ನು ಅಳಿಸಿ 18 ಬರೆಯುತ್ತಾರೆ. ತರಗತಿಯ ಉಳಿದವರು 'ವ್ಯಾಲಿಡೇಟ್', 'ಎಂಡ್‌ಎಡಿಟ್', 'ಅಪ್‌ಡೇಟ್', 'ಕ್ಯಾನ್ಸಲ್‌ಎಡಿಟ್' ಎಂಬ ಚೀಟಿಗಳನ್ನು ಒಂದೊಂದಾಗಿ ಎತ್ತಿ ಆಜ್ಞೆ ಕೊಡುತ್ತಾರೆ. ಪ್ರತಿ ಆಜ್ಞೆಯ ನಂತರ ನಾಲ್ಕು ಸ್ಲೇಟುಗಳನ್ನೂ ಓದಿಸಬೇಕು. ಸ್ಲೇಟನ್ನು ಕೈಯಿಂದ ಕೈಗೆ ಕೊಡಿಸಬಾರದು. ನೋಡಿ ನಕಲು ಮಾಡಿಸಬೇಕು. ಮೌಲ್ಯ ಸಾಗುವುದಿಲ್ಲ, ಪ್ರತಿಯಾಗುತ್ತದೆ. ಕೈಗೆ ಕೊಡಿಸಿದರೆ ಹಿಂದಿನ ನಿಲ್ದಾಣ ಖಾಲಿಯಾಯಿತು ಎಂಬ ಹೊಸ ತಪ್ಪು ಕಲ್ಪನೆಯನ್ನು ನಾವೇ ಬಿತ್ತಿದಂತಾಗುತ್ತದೆ.

ಚುರುಕಾದ ಮಕ್ಕಳಿಗೆ ವಿಸ್ತರಣೆಯಾಗಿ ಒಂದು ಪ್ರಶ್ನೆ: ಇಬ್ಬರು ಶಿಕ್ಷಕರು ಎರಡು ಕಂಪ್ಯೂಟರ್‌ಗಳಲ್ಲಿ ಅದೇ ಮಗುವಿನ 17 ಅನ್ನು ತೆರೆದು, ಒಬ್ಬರು 18, ಇನ್ನೊಬ್ಬರು 16 ಮಾಡಿ ಉಳಿಸಿದರೆ? ಮೂರನೆಯ ನಿಲ್ದಾಣದಲ್ಲಿ ಹಳೆಯ 17 ಅನ್ನು ಮೂಲ ಮೌಲ್ಯವಾಗಿ ಉಳಿಸಿಕೊಂಡಿದ್ದು ಯಾಕೆಂದು ಆಗ ತಿಳಿಯುತ್ತದೆ. ಉಳಿಸುವಾಗ ಡೇಟಾಬೇಸ್‌ನಲ್ಲಿ ಇನ್ನೂ 17 ಇದೆಯೇ ಎಂದು ಹೋಲಿಸಿ ನೋಡಲು ಅದು ಬೇಕು. ಇಲ್ಲದಿದ್ದರೆ ಎರಡನೆಯವರಿಗೆ ಏಕಕಾಲಿಕ ತಿದ್ದುಪಡಿಯ ದೋಷ ಬರುತ್ತದೆ.

ಮೌಲ್ಯಮಾಪನ

'ಡೇಟಾ ಬೈಂಡಿಂಗ್ ಎಂದರೇನು?' ಎಂಬ ಪ್ರಶ್ನೆಗೆ ಬಾಯಿಪಾಠದ ಉತ್ತರ ಬರುತ್ತದೆ. ಅದರ ಬದಲು ಲಕ್ಷಣ ಹೇಳಿ ನಿಲ್ದಾಣ ಕೇಳುವ ಪ್ರಶ್ನೆಗಳು ಹೆಚ್ಚು ತಿಳಿಸುತ್ತವೆ. ಫಾರ್ಮ್ ಮುಚ್ಚಿ ತೆರೆದಾಗ ಯಾವ ಅಂಕವೂ ಉಳಿದಿಲ್ಲ: ಎಲ್ಲಿ ನಿಂತಿತು? ಕೊನೆಯ ಮಗುವಿನದ್ದು ಮಾತ್ರ ಉಳಿದಿಲ್ಲ: ಎಲ್ಲಿ ನಿಂತಿತು? ಕರ್ಸರ್ ಪೆಟ್ಟಿಗೆಯಿಂದ ಹೊರಬರುತ್ತಿಲ್ಲ: ಯಾವ ದಾಟುವಿಕೆ ವಿಫಲವಾಗಿದೆ? ಈ ಮೂರಕ್ಕೆ ಕಾರಣಸಹಿತ ಉತ್ತರಿಸಿದವರು ಘಟಕವನ್ನು ಕಲಿತಿದ್ದಾರೆ ಎನ್ನಬಹುದು.

ನಾವು ನಾಳೆ ಸೇರುವ ಶಾಲೆಗಳಲ್ಲಿ ಅಂಕ ನಮೂದಿಸುವ ಕೆಲಸ 'ನಿಮಗೆ ಕಂಪ್ಯೂಟರ್ ಗೊತ್ತಲ್ಲ' ಎಂಬ ಮಾತಿನೊಡನೆ ಹೊಸ ಶಿಕ್ಷಕರ ಹೆಗಲಿಗೇ ಬೀಳುವ ಸಂಭವ ಹೆಚ್ಚು. ಯಾರೋ ಬರೆದ ಫಾರ್ಮ್, ನೂರಾರು ಮಕ್ಕಳ ಹೆಸರು, ಮೂಲೆಯಲ್ಲೊಂದು ಉಳಿಸುವ ಚಿಹ್ನೆ. ಪರದೆಯ ಮೇಲೆ ಕಂಡದ್ದು ಉಳಿದಿದೆ ಎಂದು ನಂಬದೆ, ಮುಚ್ಚಿ ಮತ್ತೆ ತೆರೆದು ಕೊನೆಯ ಹೆಸರನ್ನು ಒಮ್ಮೆ ನೋಡುವ ಅಭ್ಯಾಸವನ್ನು ಈ ಪಾಠ ಕಲಿಸಬೇಕು. ಪ್ರೋಗ್ರಾಂ ಬರೆಯುವವರಿಗೂ ಬಳಸುವವರಿಗೂ ಅದು ಸಮಾನವಾಗಿ ಬೇಕಾದ ಅಭ್ಯಾಸ.